‘ನೀವು ಹೋಗಿ ಬನ್ನಿ’ ಎಂಬ ಮಾತನ್ನು ನಂಬಬೇಡಿ



ಈ ಸಲದ ವಿಷಯ ಭಾನುವಾರ.

ವಾರವಿಡೀ ಲೋಕಲ್ ರೈಲು, ಆಫೀಸು, ಮಕ್ಕಳ ಟ್ಯೂಷನ್ ಎಂದು ಓಡಾಡಿದ ಮೇಲೆ ಭಾನುವಾರ ಒಂದು ಹೊಸ ಹೋಟೆಲ್ ನೋಡೋಣ, ಹೊಸ ಕೆಫೆಗೆ ಹೋಗೋಣ ಎನಿಸುವುದು ಸಹಜ. ಫೋನಿನಲ್ಲಿ ಯಾರೋ ಹಾಕಿದ ರೀಲ್ ನೋಡುತ್ತೀರಿ. ಅಲ್ಲಿ ಆ ದೋಸೆ ಚೆನ್ನಾಗಿದೆಯಂತೆ, ಇಲ್ಲಿ ಈ ಬಫೆ ಚೆನ್ನಾಗಿದೆಯಂತೆ ಎಂದು ಎಲ್ಲರೂ ಸಿದ್ಧರಾಗುತ್ತೀರಿ. ಆಗ ಊರಿನಿಂದ ಬಂದು ನಿಮ್ಮ ಜೊತೆಗಿರುವ ಅಮ್ಮ ಅಥವಾ ಮಾವ ಕೂತಲ್ಲಿಂದಲೇ ಹೇಳುತ್ತಾರೆ: “ನೀವು ಹೋಗಿ ಬನ್ನಿ. ನನಗೇನೂ ಬೇಜಾರಿಲ್ಲ. ನಾನು ಮನೆ ನೋಡ್ಕೋತೀನಿ.”

ನೀವು ಎರಡು ಸಲ ಕರೆಯುತ್ತೀರಿ. ಅವರು ಎರಡು ಸಲವೂ ಬೇಡ ಎನ್ನುತ್ತಾರೆ. ಕೆಲವು ವಾರ ಕಳೆದ ಮೇಲೆ ನೀವು ಕರೆಯುವುದನ್ನೂ ಬಿಡುತ್ತೀರಿ. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಆದರೆ ಹೃದ್ರೋಗ ವೈದ್ಯನಾಗಿ ನನಗೆ ಈ ಮಾತು ಕೇಳಿದಾಗ ಕಿವಿ ನಿಮಿರುತ್ತದೆ. ಎದೆನೋವು, ಏದುಸಿರು, ಕಾಲು ಬಾವು ಎಂದಾಗ ನಾವು ಹೇಗೆ ಕಾರಣ ಹುಡುಕುತ್ತೇವೋ ಹಾಗೆಯೇ ಈ ‘ನೀವು ಹೋಗಿ ಬನ್ನಿ’ ಎಂಬುದಕ್ಕೂ ಕಾರಣ ಹುಡುಕಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಗರದಲ್ಲಿ ತಿನ್ನಲು, ಕುಡಿಯಲು, ಸುತ್ತಾಡಲು ಹೊಸ ಜಾಗ ಹುಡುಕುವಾಗ, ಮನೆಯ ಅತಿ ಹಿರಿಯರು ನಡೆದು ಬಂದು, ಕೂತು, ತಿಂದು ಹೋಗಬಹುದಾದ ಜಾಗವನ್ನೇ ಮೊದಲು ಹುಡುಕಿ. ಅದು ಅವರ ಹೃದಯಕ್ಕೆ ಒಳ್ಳೆಯದು. ನಿಮ್ಮ ಹೃದಯಕ್ಕೆ ಅದಕ್ಕಿಂತಲೂ ಒಳ್ಳೆಯದು.

*ಒಂದೇ ಮನೆಯಲ್ಲಿ ಎರಡು ಕಾಯಿಲೆ*

ವಲಸೆ ಬಂದ ನಮ್ಮ ಕುಟುಂಬಗಳಲ್ಲಿ ನಾನು ಕಾಣುವುದು ಇದು. ನಲವತ್ತರ ಆಸುಪಾಸಿನ ಮಗ ಅಥವಾ ಮಗಳಿಗೆ ಹೊರಗೆ ಹೋಗುವುದೆಂದರೆ ತಿನ್ನುವುದು ಎಂದೇ ಅರ್ಥ. ಕಾರಿನಿಂದ ಇಳಿದರೆ ಟೇಬಲ್, ಟೇಬಲ್‌ನಿಂದ ಎದ್ದರೆ ಕಾರು. ಅದೇ ಮನೆಯ ಎಪ್ಪತ್ತರ ಅಮ್ಮನಿಗೆ ಹೊರಗೆ ಹೋಗುವುದೆಂದರೆ ಆಸ್ಪತ್ರೆಗೆ ಹೋಗುವುದು. ಒಬ್ಬರಿಗೆ ಹೊರಗಿನದು ಹೆಚ್ಚಾಯಿತು, ಇನ್ನೊಬ್ಬರಿಗೆ ಹೊರಗೇ ಇಲ್ಲದಂತಾಯಿತು.

ಮೊದಲು ಮಗನ ವಿಷಯ. ಇಂಟರ್‌ಹಾರ್ಟ್ ಎಂಬ ದೊಡ್ಡ ಅಧ್ಯಯನದ ಒಂದು ವಿಶ್ಲೇಷಣೆ 2007ರಲ್ಲಿ ಪ್ರಕಟವಾಯಿತು. ಅದರಂತೆ ಭಾರತ ಸೇರಿದ ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53. ಉಳಿದ ದೇಶಗಳವರಲ್ಲಿ ಅದು 59ರ ಹತ್ತಿರ. ನಾವು ಸುಮಾರು ಆರು ವರ್ಷ ಮುಂಚೆಯೇ ಆಸ್ಪತ್ರೆಯ ಬಾಗಿಲಿಗೆ ಬರುತ್ತಿದ್ದೇವೆ. ಕಾರಣಗಳು ಹೊಸವಲ್ಲ: ತಂಬಾಕು, ಸಕ್ಕರೆ ಕಾಯಿಲೆ, ಬಿಪಿ, ಹೊಟ್ಟೆಯ ಬೊಜ್ಜು, ನಡೆದಾಟ ಇಲ್ಲದಿರುವುದು, ಹಣ್ಣು ತರಕಾರಿ ಕಡಿಮೆಯಾಗಿರುವುದು.

ಈಗ ಅಮ್ಮನ ವಿಷಯ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಒಂದು ಹೇಳಿಕೆ ಪ್ರಕಟಿಸಿತು. ಒಂಟಿತನ ಮತ್ತು ಜನಸಂಪರ್ಕವಿಲ್ಲದ ಬದುಕು ಇರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಸುಮಾರು ಶೇ. 30ರಷ್ಟು ಹೆಚ್ಚಿರುತ್ತದೆ ಎಂಬುದು ಅದರ ಸಾರ. ಒಂಟಿತನವೊಂದೇ ರಕ್ತನಾಳವನ್ನು ಮುಚ್ಚುತ್ತದೆ ಎಂದು ಇದರ ಅರ್ಥವಲ್ಲ. ಒಂಟಿಯಾದವರು ಕಡಿಮೆ ನಡೆಯುತ್ತಾರೆ, ಸರಿಯಾಗಿ ಉಣ್ಣುವುದಿಲ್ಲ, ಮಾತ್ರೆ ಮರೆಯುತ್ತಾರೆ, ನಿದ್ದೆ ಕೆಡುತ್ತದೆ. ತೊಂದರೆಯಾದರೂ ಯಾರಿಗೂ ಹೇಳುವುದಿಲ್ಲ.

ಊರಿನಲ್ಲಿ ಇದೇ ಅಮ್ಮ ಹೇಗಿದ್ದರು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ದೇವಸ್ಥಾನ, ಮಧ್ಯಾಹ್ನ ಹಿಟ್ಟಿನ ಗಿರಣಿ, ಸಂಜೆ ಪಕ್ಕದ ಮನೆಯ ಜಗಲಿ. ದಿನಕ್ಕೆ ಹತ್ತು ಜನರ ಜೊತೆ ಮಾತು. ಅದಕ್ಕೆ ಯಾರೂ ವಾಕಿಂಗ್ ಎಂದಾಗಲಿ ಸೋಷಿಯಲ್ ಲೈಫ್ ಎಂದಾಗಲಿ ಹೆಸರಿಟ್ಟಿರಲಿಲ್ಲ. ಡೊಂಬಿವಲಿಯಲ್ಲೋ ಥಾಣೆಯಲ್ಲೋ ಹನ್ನೆರಡನೇ ಮಹಡಿಗೆ ಕರೆತಂದಾಗ ನಾವು ಅವರಿಗೆ ಒಳ್ಳೆಯ ಕೋಣೆ ಕೊಟ್ಟೆವು, ಟಿ.ವಿ. ಕೊಟ್ಟೆವು, ಒಳ್ಳೆಯ ಡಾಕ್ಟರನ್ನು ತೋರಿಸಿದೆವು. ಆ ಜಗಲಿಗೆ ಬದಲಾಗಿ ಏನೂ ಕೊಡಲಿಲ್ಲ.

*‘ಬೇಡ’ ಎಂಬುದರ ಹಿಂದೆ ಏನಿದೆ?*

ಹಿರಿಯರು ಹೊರಗೆ ಬರಲು ಒಪ್ಪದಿದ್ದಾಗ ನಾವು ‘ಅವರಿಗೆ ಆಸಕ್ತಿಯಿಲ್ಲ’ ಎಂದುಕೊಳ್ಳುತ್ತೇವೆ. ಬಾಗಿಲು ಹಾಕಿ ಒಬ್ಬರನ್ನೇ ಕೂರಿಸಿಕೊಂಡು ಕೇಳಿದರೆ ಬೇರೆಯೇ ಉತ್ತರಗಳು ಬರುತ್ತವೆ.

1. ಮೂತ್ರದ ಭಯ. ಇದು ನಾನು ಅತಿ ಹೆಚ್ಚು ಕೇಳುವ ಕಾರಣ, ಮನೆಯವರಿಗೆ ಅತಿ ಕಡಿಮೆ ಗೊತ್ತಿರುವ ಕಾರಣ. ಬಿಪಿಗೆ, ಹೃದಯ ದೌರ್ಬಲ್ಯಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ತೊಂದರೆ ಇದ್ದರೂ ಹೀಗೆಯೇ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಏನು ಗತಿ ಎಂಬ ಚಿಂತೆ ಅವರಿಗೆ. ಮಗನ ಮುಂದೆ, ಸೊಸೆಯ ಮುಂದೆ ಹೇಳಲು ನಾಚಿಕೆ. ಕೆಲವರು ಹೊರಗೆ ಹೋಗುವ ದಿನ ಯಾರಿಗೂ ಹೇಳದೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ, ನೀರೂ ಕುಡಿಯುವುದಿಲ್ಲ. ಎರಡೂ ಅಪಾಯ. ಅಂಥ ದಿನ ಆ ಮಾತ್ರೆಯ ಹೊತ್ತನ್ನು ಬದಲಾಯಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಹಳ ಸಲ ಬದಲಾಯಿಸಬಹುದು. ನೀವೇ ನಿಲ್ಲಿಸಬೇಡಿ.

2. ಏದುಸಿರು. ಕಳೆದ ವರ್ಷ ಉತ್ಸಾಹದಿಂದ ಬರುತ್ತಿದ್ದವರು ಈ ವರ್ಷ ‘ಬೇಡ’ ಎನ್ನತೊಡಗಿದ್ದರೆ ದಯವಿಟ್ಟು ಎಚ್ಚರವಾಗಿ. ರೈಲ್ವೆ ಸೇತುವೆ ಹತ್ತುವಾಗ ಎದೆ ಹಿಡಿದಂತಾಗುವುದು, ನಾಲ್ಕು ಹೆಜ್ಜೆಗೆ ದಣಿವಾಗುವುದು, ಸಂಜೆಗೆ ಪಾದ ಬಾತುಕೊಳ್ಳುವುದು, ಎರಡು ದಿಂಬಿಲ್ಲದೆ ಮಲಗಲಾಗದಿರುವುದು ಇವೆಲ್ಲ ಹೃದಯದ ತೊಂದರೆಯ ಲಕ್ಷಣಗಳಾಗಿರಬಹುದು. ಹಿರಿಯರು ‘ನನಗೆ ಏದುಸಿರು’ ಎಂದು ಹೇಳುವುದು ಕಡಿಮೆ. ಏದುಸಿರು ಬರುವ ಕೆಲಸವನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ವಯಸ್ಸಾಯಿತು ಎಂದು ನಾವೂ ಸುಮ್ಮನಾಗುತ್ತೇವೆ.

3. ಮಂಡಿನೋವು ಮತ್ತು ಬೀಳುವ ಭಯ. ಹೊಸ ಕೆಫೆಗಳಲ್ಲಿ ಮಬ್ಬು ಬೆಳಕು, ನುಣುಪು ನೆಲ, ಕೂತರೆ ಏಳಲಾಗದ ತಗ್ಗಿನ ಸೋಫಾ, ಇಲ್ಲವೇ ಹತ್ತಲಾಗದ ಎತ್ತರದ ಸ್ಟೂಲು.

4. ಮೆನುವಿನ ಬೆಲೆ. ಒಂದು ಕಾಫಿಗೆ ಮುನ್ನೂರು ರೂಪಾಯಿ ಎಂದು ಓದಿದ ಅಪ್ಪನಿಗೆ ಆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಮಗನ ದುಡ್ಡು ಉಳಿಸಬೇಕೆಂದು ಮನೆಯಲ್ಲಿ ಉಳಿಯುತ್ತಾರೆ.

5. ಭಾಷೆ. ಹಿಂದಿ ಬಾರದ, ಮರಾಠಿ ಬಾರದ ಅಮ್ಮನಿಗೆ ಹೋಟೆಲಿನಲ್ಲಿ ನೀರು ಕೇಳಲೂ ಮಗನೇ ಬೇಕು. ಊರಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುತ್ತಿದ್ದವರು ಇಲ್ಲಿ ಮೂಕರಾಗಿ ಕೂರಬೇಕು. ಅದು ಅವಮಾನದಂತೆ ಅನಿಸುತ್ತದೆ.

ಹಾಗಾಗಿ ಕೇಳುವ ರೀತಿಯನ್ನು ಬದಲಾಯಿಸಿ. “ಬರ್ತೀರಾ?” ಎಂದರೆ “ಬೇಡ” ಎನ್ನುವುದು ಸುಲಭ. “ಅಮ್ಮ, ಹತ್ತು ಗಂಟೆಗೆ ಹೊರಡೋಣ. ಅಲ್ಲಿ ಲಿಫ್ಟ್ ಇದೆ, ಟಾಯ್ಲೆಟ್ ಚೆನ್ನಾಗಿದೆ, ಕೂರೋದಕ್ಕೆ ಬೆಂಚ್ ಇದೆ, ನಾನು ನೋಡಿಕೊಂಡು ಬಂದಿದ್ದೀನಿ” ಎಂದು ಹೇಳಿ ನೋಡಿ.

*ಜಾಗ ಆರಿಸುವ ಲೆಕ್ಕ*

ಫೋನಿನಲ್ಲಿ ಐದು ಸ್ಟಾರ್ ಕೊಟ್ಟವರು ಈ ವಿಷಯಗಳನ್ನು ನೋಡಿರುವುದಿಲ್ಲ. ನೀವು ನೋಡಿ: ಬಾಗಿಲಿಗೆ ಎಷ್ಟು ಮೆಟ್ಟಿಲು? ಟಾಯ್ಲೆಟ್ ಅದೇ ಮಹಡಿಯಲ್ಲಿದೆಯೇ? ಬೆನ್ನು ಆನಿಸುವ ಕುರ್ಚಿ ಇದೆಯೇ? ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೆಯೇ? ಅರ್ಧ ಪ್ಲೇಟ್ ಕೊಡುತ್ತಾರೆಯೇ? ಹತ್ತಿರದಲ್ಲಿ ಸಮತಟ್ಟಾಗಿ ಅರ್ಧ ಗಂಟೆ ನಡೆಯುವ ಜಾಗ ಇದೆಯೇ?

ಕೊನೆಯದೇ ಮುಖ್ಯ. ಮೊದಲು ನಡೆಯುವ ಜಾಗ ಹುಡುಕಿ, ಅದರ ಪಕ್ಕ ತಿನ್ನುವ ಜಾಗ ಹುಡುಕಿ. ಈಗ ನಾವು ಮಾಡುತ್ತಿರುವುದು ಇದರ ತಿರುಗುಮುರುಗು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ನಡಿಗೆಯಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾನುವಾರದ ಒಂದು ಸುತ್ತಾಟದಲ್ಲಿ ಅದರ ಐದನೇ ಒಂದು ಭಾಗವನ್ನಾದರೂ ಮುಗಿಸಬಹುದು.

ಮುಂಬಯಿಯವರಿಗೆ ಕೆಲವು ಉದಾಹರಣೆ ಕೊಡುತ್ತೇನೆ.

ಮಾಟುಂಗಾ ಪೂರ್ವದಿಂದ ಶುರು ಮಾಡಿ. ಫೈವ್ ಗಾರ್ಡನ್ಸ್‌ನಲ್ಲಿ ಮರಗಳ ನೆರಳಿದೆ, ನೆಲ ಸಮತಟ್ಟಾಗಿದೆ. ಒಂದು ಸುತ್ತು ನಿಧಾನ ನಡೆದು, ಬೆಂಚಿನ ಮೇಲೆ ಕೂತು, ಅಲ್ಲಿಂದ ಮಾರ್ಕೆಟ್ಟಿಗೆ ಬನ್ನಿ. ಮಲ್ಲಿಗೆ ಮೊಳ ಕಟ್ಟುವವರು, ಬಾಳೆಲೆ, ಕಾಫಿಪುಡಿ ಅಂಗಡಿಯ ಘಮ ಎಲ್ಲ ಅಲ್ಲಿದೆ. ಅಮ್ಮ ಚೌಕಾಸಿ ಮಾಡಲಿ, ತಡೆಯಬೇಡಿ. ಅದೂ ವ್ಯಾಯಾಮವೇ. ಆಮೇಲೆ ತಿಂಡಿ. ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್ 1940ರದು, ಸ್ಟೇಷನ್ ಹತ್ತಿರದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ನಮ್ಮ ಕರಾವಳಿಯವರು ಊರು ಬಿಟ್ಟು ಬಂದು ಕಟ್ಟಿದ ಹೋಟೆಲುಗಳಿವು. ಭಾನುವಾರ ಬೆಳಿಗ್ಗೆ ಮಾಟುಂಗಾದ ಹೋಟೆಲುಗಳ ಮುಂದೆ ಉದ್ದ ಸಾಲು ಇರುತ್ತದೆ. ಹಿರಿಯರ ಜೊತೆ ಹೋಗುವುದಾದರೆ ವಾರದ ದಿನ ರಜೆ ಹಾಕಿಯಾದರೂ ಹೋಗಿ, ಇಲ್ಲವೇ ಜನ ಕಡಿಮೆಯಿರುವ ಹೊತ್ತು ನೋಡಿ. ಬೋರ್ಡಿಂಗಿನ ಮೆಟ್ಟಿಲು ಹಿರಿಯರಿಗೆ ಆಗುತ್ತದೆಯೇ ಎಂದು ಮೊದಲು ನೀವೊಬ್ಬರೇ ಹೋಗಿ ನೋಡಿ.

ಅಲ್ಲೇ ಭಾವುದಾಜಿ ರಸ್ತೆಯಲ್ಲಿ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ. ಮಾಹಿಮ್ ಕಡೆ ಕರ್ನಾಟಕ ಸಂಘವಿದೆ. ಕನ್ನಡದ ನಾಟಕ, ಸಂಗೀತ, ಉಪನ್ಯಾಸ ಇದ್ದ ಸಂಜೆ ಅಪ್ಪನನ್ನು ಕರೆದುಕೊಂಡು ಹೋಗಿ. ಕಾರ್ಯಕ್ರಮ ಹೇಗೇ ಇರಲಿ, “ಯಾವೂರು ನಿಮ್ಮದು?” ಎಂದು ಯಾರೋ ಕೇಳುತ್ತಾರೆ. ನಾನು ಬರೆದುಕೊಡಲಾಗದ ಔಷಧಿ ಅದು.

ಬಿಸಿಲು, ಮಳೆ ಇದ್ದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಒಳ್ಳೆಯ ಜಾಗ. ಹಳಬರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನ್ನುವುದು ಇದನ್ನೇ. ನಮ್ಮ ಐಹೊಳೆಯಿಂದ ಬಂದ ಚಾಲುಕ್ಯರ ಕಾಲದ ಕಲ್ಲಿನ ಶಿಲ್ಪಫಲಕಗಳು ಅಲ್ಲಿವೆ. ಬಾಗಲಕೋಟೆ ಕಡೆಯ ಅಜ್ಜ ಮೊಮ್ಮಗನಿಗೆ “ಇದು ನಮ್ಮ ಊರಿನ ಕಡೆಯದು” ಎಂದು ತೋರಿಸುವಂತಾದರೆ, ಇಬ್ಬರಿಗೂ ಆ ದಿನ ಮರೆಯುವುದಿಲ್ಲ. ಗಾಲಿಕುರ್ಚಿ ಬೇಕಿದ್ದರೆ ಮೊದಲೇ ಫೋನ್ ಮಾಡಿ ಕೇಳಿ.

ಗಟ್ಟಿಮುಟ್ಟಾಗಿರುವವರಿಗೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಮತ್ತು ಅದರೊಳಗಿನ ಕಾನ್ಹೇರಿ ಗುಹೆಗಳಿವೆ. ಕವಿರಾಜಮಾರ್ಗದ ಜೊತೆ ನಾವು ಹೆಸರು ಹೇಳುವ ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಶಾಸನಗಳು ಆ ಗುಹೆಗಳಲ್ಲಿವೆ. ಅಲ್ಲಿ ಮೆಟ್ಟಿಲು ಬಹಳ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹತ್ತಬೇಡಿ. ಕೆಳಗಿನ ಉದ್ಯಾನದಲ್ಲೇ ನಡೆಯಲು ಜಾಗ ಬೇಕಾದಷ್ಟಿದೆ. ಧಾರಾವಿಯ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕನ್ನು ಎಷ್ಟೋ ಮುಂಬಯಿಯವರೇ ನೋಡಿಲ್ಲ. ಒಂದು ಕಾಲದಲ್ಲಿ ಕಸ ಸುರಿಯುತ್ತಿದ್ದ ಆ ಜಾಗದಲ್ಲಿ ಈಗ ಕಾಡು ಬೆಳೆದಿದೆ.

*ಬೇರೆ ಊರಿನವರಿಗೆ*

ಪುಣೆಯವರು ಟೇಕಡಿ ಹತ್ತುವುದರಲ್ಲಿ ನಿಸ್ಸೀಮರು. ವೇತಾಳ ಟೇಕಡಿ, ಹನುಮಾನ್ ಟೇಕಡಿ ನಿಮಗೆ ಸರಿ, ಮಂಡಿನೋವಿನ ಅಮ್ಮನಿಗಲ್ಲ. ಅವರಿಗೆ ಸಾರಸಬಾಗ್ ಇದೆ. ನಡೆಯಲು ಸಮತಟ್ಟಾದ ಜಾಗ, ನಡುವೆ ಗಣಪತಿ ಗುಡಿ. ಫರ್ಗ್ಯುಸನ್ ರಸ್ತೆಯ ರೂಪಾಲಿ, ವೈಶಾಲಿಗಳನ್ನು ಬೆಳೆಸಿದವರು ನಮ್ಮ ಕರಾವಳಿಯ ಜಗನ್ನಾಥ ಶೆಟ್ಟರು ಎಂದು ಅಪ್ಪನಿಗೆ ಹೇಳಿ; ಒಂದು ಇಡ್ಲಿ ಹೆಚ್ಚಿಗೆ ರುಚಿಸುತ್ತದೆ.

ಚೆನ್ನೈಯವರು ಬೆಸೆಂಟ್ ನಗರದ ಎಲಿಯಟ್ಸ್ ಬೀಚಿಗೆ ಬೇಗ ಹೋಗಿ ಬಿಸಿಲೇರುವ ಮೊದಲು ಹಿಂತಿರುಗಿ. ಅಲ್ಲಿನ ಸೆಕೆಯಲ್ಲಿ ಬಿಪಿ ಮಾತ್ರೆ ತಿನ್ನುವವರಿಗೆ ತಲೆಸುತ್ತು ಬೇಗ ಬರುತ್ತದೆ. ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನು ಆ ನಗರಕ್ಕೆ ಪರಿಚಯಿಸಿದವರು ಉಡುಪಿ ಕಡೆಯ ಕೃಷ್ಣರಾಯರು ಎಂಬುದನ್ನು ಮಕ್ಕಳಿಗೂ ಹೇಳಿ.

ಹೈದರಾಬಾದಿನವರಿಗೆ ನಡೆಯಲು ಕೆಬಿಆರ್ ಉದ್ಯಾನ, ಕನ್ನಡ ಕೇಳಲು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ. ದೆಹಲಿಯವರಿಗೆ ಲೋಧಿ ಗಾರ್ಡನ್, ಸುಂದರ್ ನರ್ಸರಿ, ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘ. ಆದರೆ ದೆಹಲಿಯ ಚಳಿಗಾಲದಲ್ಲಿ ನಸುಕಿನ ನಡಿಗೆ ಬೇಡ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಹೊಗೆ ಕವಿದ ಗಾಳಿ ಹೃದಯಕ್ಕೂ ಕೆಟ್ಟದ್ದು. ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಹೋಗಿ. ಗಾಳಿ ತೀರಾ ಕೆಟ್ಟ ದಿನ ಹೋಗಲೇಬೇಡಿ.

*ಟೇಬಲ್ ಮೇಲೆ*

ಹೊಸ ಜಾಗಕ್ಕೆ ಹೋಗಿ ಬರೀ ಸಲಾಡ್ ತಿನ್ನಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ನೀವೂ ಕೇಳುವುದಿಲ್ಲ. ನಾಲ್ಕು ವಿಷಯ ಮಾತ್ರ ನೆನಪಿಡಿ.

ಒಂದು, ಹಂಚಿಕೊಂಡು ತಿನ್ನಿ. ಬೆಂಗಳೂರಿನ ಬೈ-ಟೂ ಕಾಫಿ, ಮುಂಬಯಿಯ ಕಟಿಂಗ್ ಚಹಾ ಎರಡೂ ಒಂದೇ ಜಾಣತನ. ರುಚಿ ಪೂರ್ತಿ, ಸಕ್ಕರೆ ಅರ್ಧ. ನಾಲ್ಕು ಜನಕ್ಕೆ ಎರಡು ಮಸಾಲೆ ದೋಸೆ, ಎರಡು ಪ್ಲೇಟ್ ಇಡ್ಲಿ ತರಿಸಿ. ಹೊಸ ರುಚಿ ಎಲ್ಲರಿಗೂ ಸಿಗುತ್ತದೆ, ಹೊಟ್ಟೆ ಬಿರಿಯುವುದಿಲ್ಲ. ಬಫೆಗೆ ದುಡ್ಡು ಕೊಟ್ಟ ಮೇಲೆ ‘ವಸೂಲಿ’ ಮಾಡುವ ಚಟ ನಮಗೆಲ್ಲ ಇದೆ. ಅದಕ್ಕೇ ಬಫೆಗೆ ಹೋಗದಿರುವುದೇ ಲೇಸು.

ಎರಡು, ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕು. ಎಲ್ಲ ಸೇರಿ ಸುಮಾರು ಒಂದು ಟೀ ಚಮಚ. ಹೋಟೆಲಿನ ಸಾಂಬಾರ್, ಚಟ್ನಿ, ಉಪ್ಪಿನಕಾಯಿ, ಹಪ್ಪಳ, ಚೈನೀಸ್ ಸೂಪು ಇವುಗಳಲ್ಲೇ ಅದು ಮುಗಿದುಹೋಗುತ್ತದೆ. ಹೃದಯ ದೌರ್ಬಲ್ಯ ಇರುವವರಿಗೆ ಭಾನುವಾರದ ಉಪ್ಪು ಸೋಮವಾರ, ಮಂಗಳವಾರ ಕಾಲಿನ ಬಾವಾಗಿ, ರಾತ್ರಿಯ ಏದುಸಿರಾಗಿ ಕಾಣಿಸುತ್ತದೆ. ಅವರಿಗೆ ಹಪ್ಪಳ, ಉಪ್ಪಿನಕಾಯಿ ಬೇಡ. ಸಾಂಬಾರಿನಲ್ಲಿ ಇಡ್ಲಿ ಮುಳುಗಿಸುವುದು ಬೇಡ, ಅದ್ದಿಕೊಂಡು ತಿನ್ನಲಿ. ನೀರಿನ ಮಿತಿ ಇರುವವರು ಮಜ್ಜಿಗೆ, ಸೂಪು, ಕಾಫಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರು, ಮಾತ್ರೆಯ ಹೊತ್ತು. ಊಟಕ್ಕೆ ಮುಂಚಿನ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಮನೆಯಲ್ಲೇ ತೆಗೆದುಕೊಂಡು ಹೊರಟು, ಹೋಟೆಲ್ ಬಾಗಿಲಲ್ಲಿ ಒಂದು ಗಂಟೆ ಸಾಲಿನಲ್ಲಿ ನಿಂತರೆ ರಕ್ತದ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಬೆವರು, ನಡುಕ, ತೊದಲು ಮಾತು ಬಂದರೆ ತಕ್ಷಣ ಸಕ್ಕರೆ ಅಥವಾ ಸಿಹಿ ಪಾನೀಯ ಕೊಡಿ. ಹೊರಗೆ ಉಣ್ಣುವ ದಿನ ಇವನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ಜೇಬಿನಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತು ಇರಲಿ. ವೈದ್ಯರು ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಟ್ಟಿದ್ದರೆ ಅದೂ ಜೇಬಿನಲ್ಲೇ ಇರಲಿ, ಮನೆಯ ಕಪಾಟಿನಲ್ಲಲ್ಲ.

ನಾಲ್ಕು, ಮೊದಲು ನಡಿಗೆ, ಆಮೇಲೆ ಊಟ. ಹೊಟ್ಟೆ ತುಂಬಿದಾಗ ಜೀರ್ಣಕ್ಕೆ ರಕ್ತ ಹೆಚ್ಚು ಬೇಕು, ಹೃದಯಕ್ಕೆ ಕೆಲಸ ಹೆಚ್ಚು. ರಕ್ತನಾಳ ಕಿರಿದಾಗಿರುವವರು ಊಟವಾದ ಕೂಡಲೇ ಬಿರುಸಾಗಿ ನಡೆದರೆ ಅಥವಾ ಮೆಟ್ಟಿಲು ಹತ್ತಿದರೆ ಎದೆನೋವು ಬರಬಹುದು. ಅವರು ಸ್ವಲ್ಪ ಹೊತ್ತು ಕೂತು ಏಳಲಿ. ಹೃದಯದ ತೊಂದರೆ ಇಲ್ಲದವರಿಗೆ ಊಟದ ನಂತರ ಹತ್ತು ಹದಿನೈದು ನಿಮಿಷ ನಿಧಾನ ನಡಿಗೆ ಒಳ್ಳೆಯದು, ಸಕ್ಕರೆ ಅಷ್ಟು ಏರುವುದಿಲ್ಲ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಹೋಟೆಲ್ ಊಟವಾದ ಮೇಲೆ ಬಂದ ಎದೆಯ ಸಂಕಟವನ್ನೆಲ್ಲ ‘ಗ್ಯಾಸ್’ ಎನ್ನಬೇಡಿ. ಸೋಡಾ ಕುಡಿಸಿ ಕಾಯಬೇಡಿ. ಎದೆ ಒತ್ತಿದಂತಾಗಿ, ತಣ್ಣನೆ ಬೆವರು, ದವಡೆ, ಎಡಗೈ ಅಥವಾ ಬೆನ್ನಿಗೆ ಹರಡುವ ನೋವು, ಏದುಸಿರು ಇದ್ದರೆ ತಡಮಾಡದೆ 108 ಅಥವಾ 112ಕ್ಕೆ ಕರೆ ಮಾಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ವಾಕರಿಕೆ, ಸುಸ್ತು, ಉಸಿರಾಟದ ತೊಂದರೆಯಾಗಿಯೂ ಹೃದಯಾಘಾತ ಬರಬಹುದು.

*ಹಾಗಾದರೆ ನಮ್ಮ ಗಮ್ಮತ್ತು?*

ಇದನ್ನು ಓದಿದ ಯುವಕರು ಕೇಳುವ ಪ್ರಶ್ನೆ ನನಗೆ ಗೊತ್ತು. “ಡಾಕ್ಟ್ರೇ, ಎಲ್ಲಾ ಕಡೆ ಅತ್ತೆ-ಮಾವನನ್ನು ಕರೆದುಕೊಂಡು ಹೋದರೆ ನಾವು ಗಂಡ ಹೆಂಡತಿ ಹೋಗೋದು ಯಾವಾಗ? ಗೆಳೆಯರ ಜೊತೆ ಹೋಗೋದು ಯಾವಾಗ?”

ಖಂಡಿತ ಹೋಗಿ. ದಂಪತಿಗಳಿಗೆ ತಮ್ಮದೇ ಆದ ಸಂಜೆ ಬೇಕು. ನಾನು ಕೇಳುತ್ತಿರುವುದು ತಿಂಗಳಲ್ಲಿ ಎರಡು ಭಾನುವಾರ ಮಾತ್ರ. ಉಳಿದ ಎರಡು ನಿಮ್ಮವು. ಆದರೆ ಒಂದು ಸೂಕ್ಷ್ಮ ಗಮನಿಸಿ. ಹಿರಿಯರ ಜೊತೆ ಹೋದ ದಿನ ನೀವು ನಿಧಾನವಾಗಿ ತಿನ್ನುತ್ತೀರಿ, ಹಂಚಿಕೊಂಡು ತಿನ್ನುತ್ತೀರಿ, ಎಂಟು ಗಂಟೆಗೆ ಮನೆ ಸೇರುತ್ತೀರಿ, ಸಿಗರೇಟು ಹಚ್ಚುವುದಿಲ್ಲ. ನಾನು ನಿಮಗೆ ಚೀಟಿಯಲ್ಲಿ ಬರೆದುಕೊಡುವ ಸಲಹೆಗಳನ್ನೆಲ್ಲ ಅವರು ಏನೂ ಹೇಳದೆ ಪಾಲಿಸುವಂತೆ ಮಾಡುತ್ತಾರೆ.

ಕುಡಿತದ ಬಗ್ಗೆಯೂ ಒಂದು ಮಾತು. ವಾರವಿಡೀ ಮುಟ್ಟುವುದಿಲ್ಲ, ಶನಿವಾರ ಮಾತ್ರ ಹೊಸ ಪಬ್ಬು ನೋಡುತ್ತೇವೆ ಎನ್ನುವವರಿದ್ದಾರೆ. ಒಂದೇ ರಾತ್ರಿ ಹೆಚ್ಚು ಕುಡಿದಾಗ ಹೃದಯದ ಬಡಿತ ತಾಳ ತಪ್ಪುವುದು ವೈದ್ಯರಿಗೆ ಹಳೆಯ ಪರಿಚಯ. 1978ರಲ್ಲೇ ಅದಕ್ಕೆ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟಿದ್ದಾರೆ. ಬಡಿತ ತಾಳ ತಪ್ಪಿದಾಗ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಮಟ್ಟ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ‘ಹೃದಯಕ್ಕೆ ಒಂದು ಪೆಗ್ ಒಳ್ಳೆಯದಂತೆ’ ಎಂಬ ಸಂದೇಶ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.

ಇನ್ನೊಂದು ಆಕ್ಷೇಪ ಖರ್ಚಿನದು. ಉದ್ಯಾನದ ಬೆಂಚಿಗೆ ದುಡ್ಡಿಲ್ಲ. ಸಮುದ್ರದ ದಂಡೆಗೆ ದುಡ್ಡಿಲ್ಲ. ಎರಡು ಪ್ಲೇಟ್ ಇಡ್ಲಿ, ನಾಲ್ಕು ಕಾಫಿಗೆ ಮಾಲಿನ ಒಂದು ಪಿಜ್ಜಾದಷ್ಟೂ ಆಗುವುದಿಲ್ಲ. ಮೆಟ್ರೋ ಇರುವ ಕಡೆ ಮೆಟ್ರೋದಲ್ಲೇ ಹೋಗಿ, ಸ್ಟೇಷನ್ನುಗಳಲ್ಲಿ ಲಿಫ್ಟ್ ಇದೆ. ಹಿರಿಯರ ಜೊತೆ ಲೋಕಲ್ ರೈಲಿನ ಸೇತುವೆ ಹತ್ತುವ ಸಾಹಸ ಬೇಡ.

ನಾನು ಸ್ಟೆಂಟ್ ಹಾಕುತ್ತೇನೆ, ಮಾತ್ರೆ ಬರೆಯುತ್ತೇನೆ. ಅದರಿಂದ ಜೀವ ಉಳಿಯುತ್ತದೆ. ಉಳಿದ ಜೀವಕ್ಕೆ ಬೆಳಿಗ್ಗೆ ಎದ್ದು ಸೀರೆಯ ನಿರಿಗೆ ಸರಿಮಾಡಿಕೊಳ್ಳಲು, ಗಡ್ಡ ಹೆರೆದುಕೊಳ್ಳಲು ಒಂದು ಕಾರಣ ಬೇಡವೇ? ಆ ಕಾರಣ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ನಿಮ್ಮ ಕೈಯಲ್ಲಿದೆ.

ಒಂದು ಕೆಲಸ ಕೊಡುತ್ತೇನೆ. ಈ ಗುಂಪಿನಲ್ಲಿರುವ ಪ್ರತಿಯೊಬ್ಬರೂ ತಮ್ಮ ಊರಿನಲ್ಲಿ ತಮಗೆ ಗೊತ್ತಿರುವ ಒಂದೇ ಒಂದು ಜಾಗದ ಹೆಸರು ಬರೆಯಿರಿ. ಜೊತೆಗೆ ಮೆಟ್ಟಿಲು ಎಷ್ಟು, ಟಾಯ್ಲೆಟ್ ಎಲ್ಲಿ, ಕೂರಲು ಬೆಂಚ್ ಇದೆಯೇ, ಅರ್ಧ ಪ್ಲೇಟ್ ಕೊಡುತ್ತಾರೆಯೇ, ಕನ್ನಡ ಅರ್ಥವಾಗುವವರು ಇದ್ದಾರೆಯೇ ಎಂದೂ ಬರೆಯಿರಿ. ಐವತ್ತು ಜನ ಬರೆದರೆ ಐವತ್ತು ಜಾಗ. ವರ್ಷಕ್ಕೆ ಸಾಕು. ಯಾವ ರೀಲಿನಲ್ಲೂ ಸಿಗದ ಪಟ್ಟಿ ಅದು.

ವಿ.ಸೂ.: ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಮಾತ್ರೆ, ಇನ್ಸುಲಿನ್, ನಡಿಗೆಯ ಮಿತಿ ಯಾವುದನ್ನೂ ನಿಮ್ಮ ವೈದ್ಯರನ್ನು ಕೇಳದೆ ಬದಲಾಯಿಸಬೇಡಿ. ಉಪಯೋಗ ಎನಿಸಿದರೆ ನಿಮ್ಮ ಬಳಗದವರಿಗೂ ಕಳಿಸಿ. ಮನೆಯ ಹಿರಿಯರಿಗೆ ಫೋನಿನಲ್ಲಿ ಕಳಿಸುವ ಬದಲು ಪಕ್ಕದಲ್ಲಿ ಕೂತು ಓದಿ ಹೇಳಿ.